ಫಿನಾಲೆ ಲಿಗೂರೆಯಲ್ಲಿ ಬಾಡಿಗೆ ಸೈಕಲ್ ಹಿಡಿಯುವ ಮೊದಲು ಬ್ರೇಕ್ ಪ್ಯಾಡ್ ನೋಡಿಕೊಳ್ಳಿ

ಇಟಲಿಯ ಲಿಗೂರಿಯಾ ಕರಾವಳಿಯ ಫಿನಾಲೆ ಲಿಗೂರೆಗೆ ಮೌಂಟನ್ ಬೈಕ್ ಓಡಿಸಲೆಂದು ಹೋಗುವವರು ಯುರೋಪಿನಲ್ಲಿ ನೆಲೆಸಿರುವ ನಮ್ಮವರಲ್ಲೂ ಇದ್ದಾರೆ. ಊರಿನಿಂದ ಬಂದ ಗೆಳೆಯರನ್ನೂ ಅವರು ಜೊತೆಗೆ ಕರೆದೊಯ್ಯುವುದುಂಟು. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಲ್ಲಿನ ದಾರಿಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಬಾಡಿಗೆ ಸೈಕಲ್ಲನ್ನೂ ಬೆಟ್ಟದ ಮೇಲಕ್ಕೆ ಕರೆದೊಯ್ಯುವ ವ್ಯಾನನ್ನೂ ಒಂದೇ ದರಕ್ಕೆ ಸೇರಿಸಿ ಮಾರುವ ಅಂಗಡಿಯೊಂದರಿಂದ ನಮಗಾದ ತೊಂದರೆಯನ್ನು ತಿಳಿಸುವುದಷ್ಟೇ ಉದ್ದೇಶ. ಅಂಗಡಿಯ ಹೆಸರನ್ನು ಹೇಳುವುದಿಲ್ಲ. ವ್ಯವಹಾರ ಇನ್ನೂ ಇತ್ಯರ್ಥವಾಗಿಲ್ಲ.

ಮೊದಲು ಆ ಊರಿನ ಭೂಗೋಳದ ಬಗ್ಗೆ ಒಂದಿಷ್ಟು ಹೇಳಬೇಕು, ಏಕೆಂದರೆ ಬ್ರೇಕ್‌ಗಳಿಗೆ ಅಷ್ಟೊಂದು ಕೆಲಸ ಬೀಳುವುದು ಅದರಿಂದಲೇ. ಊರು ಸಮುದ್ರದಂಚಿನಲ್ಲಿದೆ; ಅದರ ಹಿಂದಿನ ಬೆಟ್ಟಸಾಲು ಸ್ವಲ್ಪ ದೂರದಲ್ಲೇ ಸುಮಾರು 1000 ಮೀಟರ್ ಎತ್ತರಕ್ಕೇರುತ್ತದೆ. ಮೇಲೆ, ಮೆಲೋನ್ಯೊ ಘಾಟಿಯ ಆಸುಪಾಸಿನಲ್ಲಿ, ನೇಟೋದ ಹಳೆಯ ಸೇನಾನೆಲೆಯಿದ್ದ ಜಾಗವನ್ನು ಸವಾರರು ಇಂದಿಗೂ ‘ನೇಟೋ ಬೇಸ್’ ಎಂದೇ ಕರೆಯುತ್ತಾರೆ. ವ್ಯಾನ್‌ಗಳು ಸೈಕಲ್ ತುಂಬಿದ ಟ್ರೈಲರ್ ಎಳೆದುಕೊಂಡು ಅಲ್ಲಿಗೇ ಹೋಗುತ್ತವೆ. ಇಳಿಯುವಾಗ ಮೊದಲು ಬೀಚ್ ಜಾತಿಯ ಮರಗಳ ತಣ್ಣನೆಯ ಕಾಡು, ನಂತರ ಚೆಸ್ಟ್‌ನಟ್ ಮರಗಳು, ಅದಕ್ಕೂ ಕೆಳಗೆ ಮುಳ್ಳುಬಳ್ಳಿ ಹೆಣೆದುಕೊಂಡ ಮೆಡಿಟರೇನಿಯನ್ ಕುರುಚಲು ಕಾಡು, ಕೊನೆಗೆ ಕಲ್ಲುಕಟ್ಟಣೆಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂತ ಆಲಿವ್ ತೋಟಗಳು ಸಿಗುತ್ತವೆ. ಎಂಡ್ಯೂರೋ ವರ್ಲ್ಡ್ ಸೀರೀಸ್ ಎಂಬ ಮೌಂಟನ್ ಬೈಕ್ ಸ್ಪರ್ಧಾಸರಣಿ ಆರಂಭವಾದ 2013ರಲ್ಲಿ ಅದರ ಕೊನೆಯ ಸುತ್ತು ನಡೆದದ್ದು ಇಲ್ಲಿಯೇ. ಆಲ್ಪ್ಸ್ ಹಿಮದಿಂದ ಮುಚ್ಚಿಕೊಳ್ಳುವ ಹೊತ್ತಿಗೆ ಜರ್ಮನಿ, ಸ್ವಿಟ್ಜರ್ಲೆಂಡ್ ಕಡೆಯ ಸವಾರರೆಲ್ಲ ಈ ಕಡೆ ಮುಖ ಮಾಡುತ್ತಾರಾದ್ದರಿಂದ ಶರತ್ಕಾಲದಲ್ಲಿ ಬಾಡಿಗೆ ಸೈಕಲ್‌ಗಳಿಗೆ ಬಿಡುವೇ ಇರುವುದಿಲ್ಲ.

ಸವಾರನೂ ಸೈಕಲ್ಲೂ ಸೇರಿ ನೂರು ಕಿಲೋ ತೂಕವೆಂದುಕೊಂಡರೆ, ಅಷ್ಟು ತೂಕ 1000 ಮೀಟರ್ ಕೆಳಗಿಳಿಯುವಾಗ ಹುಟ್ಟುವ ಶಕ್ತಿಯ ಬಹುಪಾಲನ್ನು ಚಕ್ರಗಳ ಎರಡು ತೆಳು ಬ್ರೇಕ್ ಡಿಸ್ಕ್‌ಗಳು ಶಾಖವಾಗಿ ಹೊರಹಾಕಬೇಕು. ಸೈಕಲ್ ಬಿಡಿಭಾಗಗಳ ಕಂಪನಿಯಾದ ಶಿಮಾನೊದ ಹೊಸ ಡಿಸ್ಕ್ 1.8 ಮಿಲಿಮೀಟರ್ ದಪ್ಪವಿರುತ್ತದೆ, 1.5ಕ್ಕಿಂತ ತೆಳುವಾದರೆ ಬದಲಿಸಬೇಕೆಂದು ಡಿಸ್ಕಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡ್‌ನ ಉಜ್ಜುವ ಪದರ ಅರ್ಧ ಮಿಲಿಮೀಟರ್‌ಗೆ ಇಳಿದರೆ ಅದರ ಆಯುಸ್ಸು ಮುಗಿಯಿತು. ಪ್ರತಿದಿನ ಹಲವು ಬಾರಿ ಬೆಟ್ಟ ಇಳಿಯುವ ಬಾಡಿಗೆ ಸೈಕಲ್ಲಿನಲ್ಲಿ, ಅದರಲ್ಲೂ ಒದ್ದೆ ಮಣ್ಣಿನ ದಿನಗಳಲ್ಲಿ, ಪ್ಯಾಡ್‌ಗಳು ಬಹಳ ಬೇಗ ಸವೆಯುತ್ತವೆ.

ನಾವು ಅಕ್ಟೋಬರ್ ಕೊನೆಯಲ್ಲಿ ಹೋಗಿದ್ದೆವು. ಅಂಗಡಿಯ ಮುಂದೆ ವ್ಯಾನ್ ಎಂಜಿನ್ ಆರಿಸದೆ ನಿಂತಿತ್ತು, ಹಿಂದೆ ಸಾಲಿತ್ತು, ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಇಟಾಲಿಯನ್ ಭಾಷೆಯ ಕರಾರು ಪತ್ರವಿತ್ತು. ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಅದರ ಸಾರವನ್ನು ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ (ಕನ್ನಡದ ಮಾತು ತಮಾಷೆಗೆ ಬಂತು, ಇಂಗ್ಲಿಷಿನದಲ್ಲ). ನನ್ನ ಕ್ರೆಡಿಟ್ ಕಾರ್ಡಿನಲ್ಲಿ 1500 ಯೂರೋ ಠೇವಣಿಯೆಂದು ತಡೆಹಿಡಿದರು. ಹಿಂದಿನ ಬ್ರೇಕ್ ಸ್ವಲ್ಪ ಸದ್ದು ಮಾಡುತ್ತಿದೆಯಲ್ಲ ಎಂದು ಮೈಸೂರಿನಿಂದ ಬಂದಿದ್ದ ನನ್ನ ಗೆಳೆಯ ಕೇಳಿದಾಗ, ಅಂಗಡಿಯ ಹುಡುಗ ಲಿವರನ್ನು ಒಮ್ಮೆ ಒತ್ತಿ ನೋಡಿ ‘ತುತ್ತೊ ಆ ಪೋಸ್ತೊ’, ಎಲ್ಲ ಸರಿಯಾಗಿದೆ, ಎಂದು ಸೈಕಲ್ಲನ್ನು ಟ್ರೈಲರಿಗೆ ಏರಿಸಿಬಿಟ್ಟ.

ಇಲ್ಲಿ ಇನ್ನೊಂದು ವಿಷಯವಿದೆ. ಭಾರತದಿಂದ ಹೋಗುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯ ಲಿವರ್ ಮುಂದಿನ ಚಕ್ರದ್ದು. ಅಲ್ಲಿ ನಮಗೆ ಕೊಟ್ಟ ಸೈಕಲ್‌ಗಳಲ್ಲಿ ಮುಂದಿನ ಬ್ರೇಕ್ ಎಡಗೈಯಲ್ಲಿತ್ತು, ಅದನ್ನು ಯಾರೂ ಹೇಳಲಿಲ್ಲ. ನಂದಿಬೆಟ್ಟದ ಡಾಂಬರು ರಸ್ತೆಯಲ್ಲಿ ವರ್ಷಗಟ್ಟಲೆ ಇಳಿದು ರೂಢಿಯಾದ ಕೈಗೆ, ಸಮತಟ್ಟಾದ ಜಾಗದಲ್ಲಿ ಈ ವ್ಯತ್ಯಾಸ ತಿಳಿದುಬಿಡುತ್ತದೆ. ಗಾಬರಿಯಾದಾಗ ಮಾತ್ರ ಕೈ ಹಳೆಯ ರೂಢಿಗೇ ಹೋಗುತ್ತದೆ. ಬದಲಿಸಿಕೊಡಿ ಎಂದು ಮೊದಲೇ ಕೇಳಿದರೆ ಲಿವರ್‌ಗಳನ್ನು ಅದಲುಬದಲು ಮಾಡಿಕೊಡುವ ಅಂಗಡಿಗಳಿವೆಯೆಂದು ಆಮೇಲೆ ತಿಳಿಯಿತು.

ಹಿಂದಿನ ದಿನ ಮಳೆಯಾಗಿತ್ತು. ಕಾಡಿನ ಕಪ್ಪು ಮಣ್ಣು ಮುಗಿದು ಸುಣ್ಣಕಲ್ಲಿನ ದಾರಿ ಶುರುವಾಗುವ ಹೊತ್ತಿಗೆ ಗೆಳೆಯನ ಹಿಂದಿನ ಬ್ರೇಕಿನಿಂದ ಲೋಹಕ್ಕೆ ಲೋಹ ಉಜ್ಜುವ ಸದ್ದು ಕೇಳತೊಡಗಿತು. ನಿಂತು ನೋಡೋಣವೆಂದು ನಾನು ಕೂಗುವಷ್ಟರಲ್ಲಿ ಆತ ಮುಂದಿನ ತಿರುವಿಗೆ ಇಳಿದಾಗಿತ್ತು. ಬಲಗೈ ಲಿವರ್ ಹ್ಯಾಂಡಲ್ಲಿಗೆ ತಾಗುವವರೆಗೂ ಬಂತು, ಚಕ್ರ ಮಾತ್ರ ನಿಲ್ಲಲಿಲ್ಲ. ಆಗ ಎಡಗೈಯನ್ನು ಬಿಗಿಯಾಗಿ ಹಿಡಿದಿದ್ದರಿಂದ ನುಣುಪಾದ ಒದ್ದೆ ಕಲ್ಲಿನ ಮೇಲೆ ಮುಂದಿನ ಚಕ್ರ ಒಮ್ಮೆಲೇ ಕಚ್ಚಿಕೊಂಡು, ಆತ ಹ್ಯಾಂಡಲ್ ದಾಟಿ ತೋಟದ ಕಲ್ಲುಕಟ್ಟಣೆಯ ಮೇಲೆ ಬಿದ್ದ. ಬಲಗಡೆಯ ಕಾಲರ್ ಮೂಳೆ ಮುರಿಯಿತು. ತುರ್ತು ಕರೆಗೆ ಅಲ್ಲಿನ ಸಂಖ್ಯೆ 112. ಅದಕ್ಕೆಂದೇ ಇಟಲಿಯಲ್ಲಿ ‘ವೇರ್ ಆರ್ ಯು’ ಎಂಬ ಅಧಿಕೃತ ಆ್ಯಪ್ ಇದ್ದು, ಕರೆ ಮಾಡಿದವರು ಇರುವ ಸ್ಥಳವನ್ನು ಅದೇ ಕಳಿಸುತ್ತದೆ. ದಾರಿಯ ಹೆಸರೂ ತಿಳಿಯದ ಕಾಡಿನಲ್ಲಿ ನಮಗೆ ನೆರವಾದದ್ದು ಅದು. ರಕ್ಷಣಾ ಸಿಬ್ಬಂದಿಯ ಕೆಲಸದಲ್ಲಿ ಕೊರತೆಯೇನೂ ಕಾಣಲಿಲ್ಲ.

ಸಂಜೆ ಸೈಕಲ್ ಒಪ್ಪಿಸುವ ಮೊದಲು ಹಿಂದಿನ ಪ್ಯಾಡ್‌ಗಳನ್ನು ಹೊರತೆಗೆದು ನೋಡಿದೆ. ಒಂದರಲ್ಲಿ ಉಜ್ಜುವ ಪದರ ಕಾಗದದಷ್ಟು ಉಳಿದಿತ್ತು; ಇನ್ನೊಂದರಲ್ಲಿ ಅದೂ ಇರಲಿಲ್ಲ, ಹಿಂಬದಿಯ ಲೋಹದ ತಗಡೇ ಗೀರುಬಿದ್ದು ಹೊಳೆಯುತ್ತಿತ್ತು. ಇಷ್ಟು ಸವೆತ ಒಂದೇ ಇಳಿತದಲ್ಲಿ ಆಗುವಂಥದ್ದಲ್ಲ. ಫೋಟೋ ತೋರಿಸಿದಾಗ ಅಂಗಡಿಯವರು ಕರಾರು ಪತ್ರದ ಸಾಲೊಂದನ್ನು ತೋರಿಸಿದರು: ‘ಸೈಕಲ್ ಸುಸ್ಥಿತಿಯಲ್ಲಿದೆಯೆಂದು ಪರೀಕ್ಷಿಸಿ ಪಡೆದಿದ್ದೇನೆ.’ ಬಾಗಿದ ಡಿಸ್ಕ್, ಮುರಿದ ಲಿವರ್, ಗೇರ್ ಭಾಗಗಳು, ಇದೆಲ್ಲದರ ಜೊತೆಗೆ ಹೊಸ ಪ್ಯಾಡ್‌ಗಳ ಬೆಲೆಯನ್ನೂ ಠೇವಣಿಯಿಂದ ಮುರಿದುಕೊಂಡರು. ಆ ಕೊನೆಯ ಬಾಬ್ತು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕೆರಳಿಸಿತು.

ಆದ್ದರಿಂದ ಅಂಗಡಿಯಲ್ಲಿ ಎಷ್ಟೇ ಅವಸರ ಮಾಡಿದರೂ ಮೊಬೈಲಿನ ಟಾರ್ಚ್ ಹಾಕಿ ಬ್ರೇಕಿನ ಸಂದಿಯಲ್ಲಿ ಪ್ಯಾಡ್‌ನ ದಪ್ಪ ನೋಡಿ, ಲಿವರ್ ಒತ್ತಿ ಹಿಡಿದು ಅದು ನಿಧಾನವಾಗಿ ಒಳಗೆ ಕುಸಿಯುತ್ತಿದೆಯೇ ಗಮನಿಸಿ, ದಿನಾಂಕ ಸಮಯ ಕಾಣುವಂತೆ ಫೋಟೋ ತೆಗೆದು ಸಹಿಗೆ ಮೊದಲೇ ಅಂಗಡಿಗೆ ಇಮೇಲ್ ಮಾಡಿ. ಕರಾರನ್ನು ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ಓದಲು ಬಿಡದಿದ್ದರೆ ಆ ವ್ಯಾನ್ ಹತ್ತಬೇಡಿ. ಫಿನಾಲೆಯಲ್ಲಿ ಬೇರೆ ಅಂಗಡಿಗಳಿಗೆ ಬರವಿಲ್ಲ.

ವಿಮೆಯ ಕಥೆ ಬೇರೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ, ಅದು ಗೆಳೆಯನ ಬಳಿಯೂ ಇತ್ತು. ಆದರೆ ಇಂಥ ಪಾಲಿಸಿಗಳಲ್ಲಿ ಹಲವು ಸಾಹಸ ಕ್ರೀಡೆಗಳನ್ನು ಹೊರಗಿಡುತ್ತವೆ. ಆತನ ಕ್ಲೇಮ್ ಆ ಕಾರಣ ಕೊಟ್ಟೇ ತಿರಸ್ಕೃತವಾಯಿತು. ಬೆಂಗಳೂರಿನಿಂದ ಹೊರಡುವವರು ಏಜೆಂಟರ ಬಾಯಿಮಾತನ್ನು ನಂಬದೆ, ಇಳಿಜಾರಿನ ಮೌಂಟನ್ ಬೈಕಿಂಗ್ ಪಾಲಿಸಿಯಲ್ಲಿ ಸೇರಿದೆಯೆಂದು ಬರಹದಲ್ಲಿ ಕೇಳಿ ಪಡೆಯಬೇಕು, ಬೇಕಿದ್ದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕು.

ಠೇವಣಿಯ ವಿಷಯದಲ್ಲಿ, ಐರೋಪ್ಯ ಒಕ್ಕೂಟದ ನಿವಾಸಿಗಳಿಗೆ ಬೇರೆ ದೇಶದ ವ್ಯಾಪಾರಿಯೊಂದಿಗಿನ ತಗಾದೆಗಳಲ್ಲಿ ಯುರೋಪಿಯನ್ ಗ್ರಾಹಕ ಕೇಂದ್ರಗಳು ಉಚಿತವಾಗಿ ನೆರವಾಗುತ್ತವೆ; ಜರ್ಮನಿಯ ಕೇಂದ್ರ ಕೆಹ್ಲ್ ಪಟ್ಟಣದಲ್ಲಿದೆ. ಕರಾರು ಮತ್ತು ಕಾರ್ಡ್ ಎರಡೂ ಜರ್ಮನಿಯಲ್ಲಿರುವ ನನ್ನ ಹೆಸರಿನಲ್ಲಿದ್ದುದರಿಂದ ಅಲ್ಲಿಗೆ ದೂರು ಕೊಡುವುದು ಸಾಧ್ಯವಾಯಿತು. ಗೆಳೆಯನ ಹೆಸರಿನಲ್ಲಿದ್ದಿದ್ದರೆ ಆ ದಾರಿ ಇರುತ್ತಿರಲಿಲ್ಲ. ಕಾರ್ಡ್ ಕೊಟ್ಟ ಬ್ಯಾಂಕಿಗೂ ಆಕ್ಷೇಪ ಸಲ್ಲಿಸಿದ್ದೇನೆ. ಪ್ಯಾಡ್‌ಗಳ ಬೆಲೆಯನ್ನು ಅಂಗಡಿ ಹಿಂದಿರುಗಿಸಿದೆ. ಉಳಿದ ಮೊತ್ತದ ಬಗ್ಗೆ ಪತ್ರ ವ್ಯವಹಾರ ನಡೆಯುತ್ತಿದೆ.