ತುಟಿ ಜೋಮು ಹಿಡಿಯದೆ ಇಕ್ಕಳ ಮುಟ್ಟಲು ಬಿಡಬೇಡಿ

ಈ ವಾರ ಯಾರಾದರೂ ಬುದ್ಧಿಹಲ್ಲು ಕೀಳಿಸೋಕೆ ಹೊರಟಿದ್ದರೆ ಒಂದು ಹತ್ತು ನಿಮಿಷ ತಡೀರಿ. ನನ್ನ ಎಡಗಡೆ ಕೆಳದವಡೆಯ ಹಲ್ಲಿಗೆ ಏನಾಯಿತು ಅಂತ ಓದಿ ಆಮೇಲೆ ಹೋಗಿ. ಕ್ಲಿನಿಕ್ಕಿನ ಹೆಸರು ಮಾತ್ರ ಕೇಳಬೇಡಿ, ಹೇಳುವುದಿಲ್ಲ. ಅದೊಂದನ್ನು ಬಿಟ್ಟು ಪಕ್ಕದ ಬೀದಿಗೆ ಹೋದರೂ ಇದೇ ಆಗಬಹುದು.

ನಾನು ಗಂಗಾವತಿಯಲ್ಲಿ ಒಂದು ಅಕ್ಕಿ ಮಿಲ್ಲಿನ ಲೆಕ್ಕ ಬರೆಯುವವನು. ವಯಸ್ಸು 29. ಬುದ್ಧಿಹಲ್ಲು ಸಾಮಾನ್ಯವಾಗಿ 17ರಿಂದ 25ರ ಒಳಗೆ ಬರುತ್ತದೆ. ನನ್ನದು ಅರ್ಧ ಬಂದು ನಿಂತುಬಿಟ್ಟಿತ್ತು. ಬುದ್ಧಿಯೂ ಅಲ್ಲಿಗೇ ನಿಂತಿದೆ ಅಂತ ನಮ್ಮ ಅವ್ವನ ಲೆಕ್ಕ. ಹಲ್ಲು ನೆಟ್ಟಗೆ ಏಳದೆ ಮುಂದಿನ ಹಲ್ಲಿನ ಮೇಲೆ ವಾಲಿಕೊಂಡಿತ್ತು. ಅದರ ಅರ್ಧ ತಲೆಯ ಮೇಲೆ ಒಸಡು ಸೆರಗು ಹೊದ್ದ ಹಾಗೆ ಕೂತಿತ್ತು. ಆ ಸೆರಗಿನ ಕೆಳಗೆ ದಿನಾ ಒಂದಲ್ಲ ಒಂದು ಸಿಕ್ಕಿಕೊಳ್ಳುತ್ತಿತ್ತು. ಇವತ್ತು ಮಿರ್ಚಿಯ ಬೀಜ, ನಾಳೆ ಶೇಂಗಾ ಚಟ್ನಿ ಪುಡಿ. ಅಲ್ಲಿಗೆ ಬ್ರಷ್ ಮುಟ್ಟೋದಿಲ್ಲ. ತಿಂಗಳಿಗೊಮ್ಮೆ ಊದಿಕೊಳ್ಳುವುದು, ಎರಡು ದಿನ ಉಪ್ಪುನೀರು ಮುಕ್ಕಳಿಸಿದರೆ ಇಳಿಯುವುದು. ಹೀಗೆ ಒಂದು ವರ್ಷ ತಳ್ಳಿದೆ.

ಕಳೆದ ಮಳೆಗಾಲದಲ್ಲಿ ಊದಿದ್ದು ಇಳಿಯಲೇ ಇಲ್ಲ. ಬಾಯೊಳಗೆ ಎರಡು ಬೆರಳು ಹೋಗುವಷ್ಟೂ ದವಡೆ ತೆರೆಯುತ್ತಿರಲಿಲ್ಲ. ಖಡಕ್ ರೊಟ್ಟಿ ಮಾತು ಬಿಡಿ, ಬಿಸಿ ರೊಟ್ಟಿಯನ್ನೇ ಹಾಲಿಗೆ ಮುರಿದು ಹಾಕಿ, ನೆನೆಸಿ, ನುಂಗುತ್ತಿದ್ದೆ. ಒಂದೊಂದು ಗುಟುಕಿಗೂ ಕಿವಿಯ ತನಕ ಚಳುಕು. ನನ್ನ ಕೆನ್ನೆ ನೋಡಿ ಮಿಲ್ಲಿನ ಹಮಾಲಿ ಕಾಕಾ ಒಬ್ಬರು, "ಒಂದ್ ಚಿಟಿಕಿ ತಂಬಾಕ ಇಟ್ಕೋರಿ ಸರ್, ಗಪ್ ಆಗತೈತಿ" ಅಂದರು. ಅದನ್ನು ಮಾಡಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಊತ ಹಾಗೇ ಇರುವಾಗ ಶನಿವಾರ ಸಂಜೆ ಕೀಳಿಸಲು ಹೋದೆ. ಭಾನುವಾರ ಒಂದು ದಿನ ಮಲಗಿದರೆ ಸೋಮವಾರ ಕೆಲಸಕ್ಕೆ ಹೋಗಬಹುದು ಅನ್ನೋ ಲೆಕ್ಕ.

"ಹತ್ ನಿಮಿಷದ ಕೆಲ್ಸ ಸರ್. ಲೋಕಲ್ ಕೊಡ್ತೀವಿ, ಗೊತ್ತ ಆಗಂಗಿಲ್ಲ" ಅಂದರು ಡಾಕ್ಟರು. ಲೋಕಲ್ ಅಂದರೆ ಆ ಜಾಗಕ್ಕಷ್ಟೇ ಜೋಮು ಹಿಡಿಸುವ ಇಂಜೆಕ್ಷನ್. ಎಕ್ಸ್‌ರೇ ತೆಗೆಯೋಕೆ ಒಂದು ಪುಟ್ಟ ಫಿಲ್ಮ್ ಬಾಯಿಗಿಟ್ಟು ನೋಡಿದರು. ಬಾಯಿ ತೆರೆಯದೆ ಅದು ಒಳಗೆ ಕೂರಲಿಲ್ಲ. "ಇರ್ಲಿ ಬಿಡ್ರಿ, ಹಂಗ ಮಾಡೋಣ" ಅಂದರು. ಆಗಲೇ ಎದ್ದು ಬರಬೇಕಿತ್ತು ನಾನು. ಶುಗರ್ ಇದೆಯಾ, ಬಿಪಿ ಇದೆಯಾ, ರಕ್ತ ತೆಳ್ಳಗಾಗುವ ಮಾತ್ರೆ ತಗೋತೀರಾ, ಯಾವ ಔಷಧಕ್ಕಾದರೂ ಅಲರ್ಜಿ ಇದೆಯಾ ಅಂತ ಒಂದು ಮಾತು ಕೇಳಲಿಲ್ಲ. ನನಗೆ ಯಾವುದೂ ಇಲ್ಲ. ನನ್ನ ಜಾಗದಲ್ಲಿ ನಮ್ಮ ಅಪ್ಪ ಕೂತಿದ್ದರೆ ನಾಲ್ಕರಲ್ಲಿ ಮೂರಕ್ಕೆ ಹೌದು ಅನ್ನಬೇಕಿತ್ತು.

ಇಂಜೆಕ್ಷನ್ ಕೊಟ್ಟರು. ದವಡೆಯ ಹಿಂದಿನ ಮೂಲೆಗೆ, ಉದ್ದನೆಯ ಸೂಜಿ. ಒಂದೆರಡು ನಿಮಿಷಕ್ಕೆ ಎದೆ ಡವಡವ ಹೊಡೆದುಕೊಳ್ಳತೊಡಗಿತು. ನನಗೇನೋ ಆಗುತ್ತಿದೆ ಅಂತ ಹೆದರಿದೆ. ಆ ಔಷಧದ ಜೊತೆ ಅಡ್ರಿನಲಿನ್ ಸೇರಿಸಿರುತ್ತಾರೆ, ರಕ್ತ ಕಡಿಮೆ ಹೋಗಲಿ, ಜೋಮು ಜಾಸ್ತಿ ಹೊತ್ತು ನಿಲ್ಲಲಿ ಅಂತ. ಅದರಿಂದ ಸ್ವಲ್ಪ ಹೊತ್ತು ಎದೆ ಬಡಿತ ಏರಬಹುದು. ಇದು ಗೊತ್ತಾದದ್ದು ಆಮೇಲೆ. ಹೃದಯದ ತೊಂದರೆ ಇರುವವರು ಇದನ್ನು ಮೊದಲೇ ಹೇಳಿಕೊಳ್ಳಲೇಬೇಕು.

ಮೂರು ನಿಮಿಷ ಆಗಿರಬಹುದು. ಡಾಕ್ಟರು ಫೋನಿನಲ್ಲಿ ಯಾರ ಜೊತೆಗೋ ಪ್ಲಾಟ್ ರೇಟ್ ಮಾತಾಡಿ ಮುಗಿಸಿ ಬಂದರು. "ಜೋಂ ಹಿಡೀತಾ?" ನಾಲಿಗೆಯ ಅಂಚು ಏನೋ ದಪ್ಪಗಾದ ಹಾಗಿತ್ತು. ತುಟಿ ಮಾತ್ರ ಎಂದಿನ ತುಟಿಯೇ. ಹೌದೋ ಅಲ್ಲವೋ ನನಗೂ ತಿಳಿಯಲಿಲ್ಲ. ಸುಮ್ನೆ ತಲೆ ಆಡಿಸಿದೆ.

ಇಕ್ಕಳ ಹಾಕಿದರು ನೋಡಿ. ಅದನ್ನು ಹೇಗೆ ಬರೆಯಲಿ? ಕುರ್ಚಿಯ ಕೈ ಹಿಡಿದ ನನ್ನ ಬೆರಳು ಬಿಳಿಚಿಕೊಂಡದ್ದು ಕಾಣುತ್ತಿತ್ತು. ಡಾಕ್ಟರ ಕನ್ನಡಕದ ಗಾಜಿನಲ್ಲಿ ಒಂದು ಪುಟ್ಟ ಲೈಟು, ಅದರ ನಡುವೆ ಕೆಂಪಗೆ ನನ್ನದೇ ಬಾಯಿ. ಕೈ ಎತ್ತಿದೆ. ಸಹಾಯಕಿ ಹುಡುಗಿ ನನ್ನ ಕೈ ಹಿಡಿದು ಮೆಲ್ಲಗೆ ಕೆಳಗಿಟ್ಟಳು. "ಅದು ನೋವಲ್ರಿ, ಪ್ರೆಶರ್ರು. ಗಂಡಸರಾಗಿ ಹಿಂಗ ಮಾಡಿದ್ರ ಹೆಂಗ?" ಅಂದರು ಡಾಕ್ಟರು. ಈ ಒಂದು ಮಾತಿಗೆ ನಾನು ಬಾಯಿ ಮುಚ್ಚಿದೆ. ಅಂದರೆ, ತೆರೆದುಕೊಂಡೇ ಸುಮ್ಮನಾದೆ.

ಅವರು ಹೇಳಿದ್ದರಲ್ಲಿ ಅರ್ಧ ನಿಜವೂ ಇದೆ. ಲೋಕಲ್ ಕೊಟ್ಟಾಗ ಹೋಗುವುದು ನೋವು, ಒತ್ತಡ ಹೋಗುವುದಿಲ್ಲ. ತಳ್ಳುವುದು, ಎಳೆಯುವುದು, ದವಡೆ ಅಲುಗುವುದು, ಕರಕರ ಸದ್ದು ಎಲ್ಲಾ ಗೊತ್ತಾಗುತ್ತದೆ. ಆದರೆ ಚುಚ್ಚಿದ ಹಾಗೆ, ಕರೆಂಟ್ ಹೊಡೆದ ಹಾಗೆ ಆದರೆ ಅದು ಒತ್ತಡ ಅಲ್ಲವೇ ಅಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಕುರ್ಚಿಯಲ್ಲಿ ಕೂತವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಎದುರಿಗೆ ನಿಂತವರು ಅವನನ್ನು ಕೇಳಬೇಕು, ಅಷ್ಟೇ.

ಕಬ್ಬು ಮುರಿದಂಥ ಸದ್ದಾಯಿತು. ಹಲ್ಲಿನ ತಲೆ ಬಂತು, ಬೇರು ಒಳಗೇ ಉಳಿಯಿತು. ಎರಡನೇ ಇಂಜೆಕ್ಷನ್. ಆಮೇಲೆ ಡ್ರಿಲ್. ಮತ್ತೆ ಮೂರನೆಯದು. ಹತ್ತು ನಿಮಿಷದ ಕೆಲಸ ಮುಗಿಯುವಾಗ ಒಂದೂವರೆ ಗಂಟೆ ಆಗಿತ್ತು. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೂರು ಹೊಲಿಗೆ, ಕಚ್ಚಿಕೊಳ್ಳಲು ಒಂದು ಗಾಜ್ ತುಂಡು, ಒಂದು ಚೀಟಿಯಲ್ಲಿ ಮಾತ್ರೆ. 2,500 ರೂಪಾಯಿ ಕೊಟ್ಟೆ. ಬಿಲ್ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಮನೆಗೆ ಹೋಗಿ ಏನು ಮಾಡಬೇಕು, ಏನು ಮಾಡಬಾರದು ಅಂತ ಯಾರೂ ಹೇಳಲಿಲ್ಲ. ಹಾಗಾಗಿ ಮಾಡಬಾರದ್ದನ್ನೆಲ್ಲ ಮಾಡಿದೆ. ದಾರಿಯಲ್ಲೇ ಮೋಸಂಬಿ ಜ್ಯೂಸ್ ತಗೊಂಡು ಸ್ಟ್ರಾ ಹಾಕಿ ಎಳೆದೆ. ಬಾಯಲ್ಲಿ ರಕ್ತದ ರುಚಿ ಬಂದಾಗಲೆಲ್ಲ ಉಗುಳಿದೆ. ರಾತ್ರಿ ಅವ್ವ ಪ್ರೀತಿಯಿಂದ ಬಿಸಿ ಉಪ್ಪುನೀರು ತಂದಳು, ಗಳಗಳ ಅಂತ ಮುಕ್ಕಳಿಸಿದೆ. ಹಲ್ಲು ಕಿತ್ತ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಒಂದು ಮುಚ್ಚಳದ ಹಾಗೆ ಕೂರಬೇಕು. ಕೆಳಗಿನ ಎಲುಬನ್ನೂ ನರವನ್ನೂ ಕಾಯುವುದು ಅದೇ. ಮೊದಲ 24 ಗಂಟೆ ಬಾಯಿ ಮುಕ್ಕಳಿಸಬಾರದು, ಉಗುಳಬಾರದು, ಸ್ಟ್ರಾದಲ್ಲಿ ಎಳೆಯಬಾರದು. ಬೀಡಿ, ಸಿಗರೇಟು, ಗುಟ್ಕಾ ಹತ್ತಿರವೂ ಬರಬಾರದು, ಅದೂ ಒಂದು ದಿನದ ಮಟ್ಟಿಗಲ್ಲ, ಗಾಯ ಮಾಯುವ ತನಕ. ಉಪ್ಪುನೀರು ಎರಡನೇ ದಿನದಿಂದ, ಅದೂ ಮೆಲ್ಲಗೆ. ನಾನು ಮೊದಲ ರಾತ್ರಿಯೇ ಮುಚ್ಚಳ ಕಿತ್ತು ಬಿಸಾಡಿದ್ದೆ.

ಭಾನುವಾರ ಪರವಾಗಿಲ್ಲ ಅನಿಸಿತು. ಸೋಮವಾರ ಮಿಲ್ಲಿಗೂ ಹೋದೆ. ಮಂಗಳವಾರ ಬೆಳಗಿನ ಜಾವ ಎಚ್ಚರ ಆಯಿತು ನೋಡಿ, ಕೀಳುವಾಗಿನ ನೋವೇ ವಾಸಿ ಅನ್ನಿಸುವಂಥ ನೋವು. ದವಡೆಯಿಂದ ಕಿವಿಗೆ, ಕಿವಿಯಿಂದ ಕಣತಲೆಗೆ. ಬಾಯಿಂದ ಕೆಟ್ಟ ವಾಸನೆ. ಮಾತ್ರೆ ಯಾವ ಲೆಕ್ಕಕ್ಕೂ ಇಲ್ಲ. ಫೋನ್ ಮಾಡಿದರೆ ಕ್ಲಿನಿಕ್ಕಿನವರು, "ಎಲ್ಲಾರಿಗೂ ಆಗ್ತದ್ರಿ, ಒಂದ್ ವಾರ ತಡ್ಕೋರಿ" ಅಂದರು.

ಅಣ್ಣ ಕಾರು ತಂದ. ಬಳ್ಳಾರಿಗೆ ಹೋಗೋಣ ಅಂದರೆ ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟು ಕಂಪ್ಲಿ ಸೇತುವೆ ಬಂದ್ ಆಗಿತ್ತು. ಕಡೆಬಾಗಿಲು, ಬುಕ್ಕಸಾಗರ ಸುತ್ತಿಕೊಂಡು ಹೋಗಬೇಕಾಯಿತು. ಪ್ರತಿ ಗುಂಡಿಗೂ ನಾನು ದವಡೆ ಹಿಡಿದುಕೊಳ್ಳುವುದು, ಅಣ್ಣ ಪಿಡಬ್ಲ್ಯೂಡಿಯವರಿಗೆ ಮಂತ್ರ ಹೇಳುವುದು. ಮಧ್ಯಾಹ್ನಕ್ಕೆ ಬಳ್ಳಾರಿಯ ಸರಕಾರಿ ಡೆಂಟಲ್ ಕಾಲೇಜು ಮುಟ್ಟಿದೆವು.

ಅಲ್ಲಿನ ಮೇಡಂ ಕನ್ನಡಿ ಹಾಕಿ ನೋಡಿದ್ದೇ, "ಡ್ರೈ ಸಾಕೆಟ್. ಮನೆಗೆ ಹೋಗಿ ಏನ್ ಮಾಡಬಾರದು ಅಂತ ಹೇಳಿರಲಿಲ್ವಾ?" ಅಂದರು. ಹೆಪ್ಪು ಹೋಗಿ ಎಲುಬು ಬಯಲಾಗಿತ್ತು. ಕೆಳಗಿನ ಬುದ್ಧಿಹಲ್ಲಿನ ಗುಂಡಿಗೆ ಇದು ಆಗುವುದು ಜಾಸ್ತಿ. ಸಾಮಾನ್ಯವಾಗಿ ಎರಡು ಮೂರು ದಿನ ಬಿಟ್ಟು ಶುರುವಾಗುತ್ತದೆ. ಇಳಿಯಬೇಕಾದ ನೋವು ಮೂರನೇ ದಿನ ಏರಿದರೆ ತಡೆದುಕೊಂಡು ಕೂರಬೇಡಿ. ಅವರು ಉಗುರುಬೆಚ್ಚಗಿನ ಸಲೈನ್‌ನಿಂದ ಗುಂಡಿ ತೊಳೆದು ಔಷಧ ಹಚ್ಚಿದ ಒಂದು ಪಟ್ಟಿ ತುರುಕಿದರು. ಬಾಯಿ ತುಂಬ ಲವಂಗದ ವಾಸನೆ. ಕಾಲು ಗಂಟೆಯಲ್ಲಿ ನೋವು ಅರ್ಧ ಇಳಿಯಿತು. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಲವಂಗದಲ್ಲಿರುವ ಯೂಜಿನಾಲ್ ಅನ್ನೋದೇ ಆ ಔಷಧದಲ್ಲೂ ಇರುವುದಂತೆ. ಇದನ್ನು ಅವ್ವನಿಗೆ ಹೇಳಬಾರದಿತ್ತು. "ನಾ ಮೊದ್ಲ ಹೇಳಿದ್ನಲ್ಲ, ಲವಂಗ ಇಟ್ಕೋ ಅಂತ" ಎಂದು ಇವತ್ತಿಗೂ ಆಡಿಕೊಳ್ಳುತ್ತಾಳೆ. ನೀವು ಮಾತ್ರ ಲವಂಗದ ಎಣ್ಣೆಯನ್ನು ನೇರ ಗಾಯಕ್ಕೆ ಸುರಿಯಬೇಡಿ, ಒಸಡು ಸುಡುತ್ತದೆ.

ಇಂಜೆಕ್ಷನ್ ಯಾಕೆ ಹಿಡಿಯಲಿಲ್ಲ ಅಂತ ಕೇಳಿದೆ. ಕೊಟ್ಟಿದ್ದು ಲಿಗ್ನೋಕೇನ್. 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಔಷಧ, ಇಷ್ಟು ವರ್ಷದಿಂದ ಜಗತ್ತೆಲ್ಲ ಅದನ್ನೇ ನಂಬಿ ಹಲ್ಲು ಕೀಳಿಸಿಕೊಳ್ಳುತ್ತಿದೆ. ತಪ್ಪು ಅದರದ್ದಲ್ಲ. ಊತ, ಕೀವು ಇರುವ ಕಡೆ ಮಾಂಸದಲ್ಲಿ ಆಮ್ಲ ಜಾಸ್ತಿ ಆಗುತ್ತದೆ. ಅಲ್ಲಿ ಔಷಧ ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಜೊತೆಗೆ ಬಾಯಿ ಪೂರ್ತಿ ತೆರೆಯದಿದ್ದರೆ ಸೂಜಿ ಸರಿಯಾದ ಜಾಗಕ್ಕೆ ಮುಟ್ಟುವುದೇ ಕಷ್ಟ. ನನಗೆ ಎರಡೂ ಇತ್ತು. "ಮೊದಲು ಒಸಡಿನ ಕೆಳಗೆ ತೊಳೆದು, ಮಾತ್ರೆ ಕೊಟ್ಟು, ಊತ ಇಳಿಸಿ, ಬಾಯಿ ತೆರೆದ ಮೇಲೆ ಕೀಳಬೇಕಿತ್ತು. ಒಂದು ವಾರದ ಮಾತು" ಅಂದರು ಮೇಡಂ. ಒಂದು ಭಾನುವಾರ ಉಳಿಸಲು ಹೋಗಿ ನಾನು ಹನ್ನೊಂದು ದಿನದ ಸಂಬಳ ಕಳೆದುಕೊಂಡಿದ್ದೆ.

ನಾಲ್ಕು ತಿಂಗಳು ಬಿಟ್ಟು ಬಲಗಡೆಯದನ್ನು ಅಲ್ಲೇ ತೆಗೆಸಿದೆ. ಅದೂ ಲೋಕಲ್‌ನಲ್ಲೇ, ಅದೇ ಔಷಧ, ಅದೇ ನಾನು. ಮೊದಲು ಓಪಿಜಿ ಎಕ್ಸ್‌ರೇ. ಯಂತ್ರ ತಲೆಯ ಸುತ್ತ ಒಂದು ಸುತ್ತು ಬರುತ್ತದೆ, ಬಾಯಿಗೆ ಫಿಲ್ಮ್ ಇಡುವ ಗೋಜೇ ಇಲ್ಲ. ಊತ ಬಂದು ಬಾಯಿ ತೆರೆಯದವನಿಗೆ ಬೇಕಾಗಿದ್ದದ್ದೇ ಇದು, ಅಲ್ವಾ? ಚಿತ್ರದಲ್ಲಿ ಬೇರಿನ ಕೆಳಗೆ ಹಾದು ಹೋಗುವ ಕಪ್ಪು ಗೆರೆ ತೋರಿಸಿ, "ಇದರೊಳಗೆ ತುಟಿಗೆ ಹೋಗುವ ನರ ಇದೆ. ಬೇರು ಇದಕ್ಕೆ ಎಷ್ಟು ಹತ್ತಿರ ಅಂತ ನೋಡದೆ ನಾವು ಕೈ ಹಾಕಲ್ಲ" ಅಂದರು.

ಇಂಜೆಕ್ಷನ್ ಆದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂರಿಸಿದರು. ಬಲಗಡೆ ಕೆಳತುಟಿ ಮೊದಲು ಜುಮ್ ಅಂತು, ಆಮೇಲೆ ಇಡ್ಲಿಯಷ್ಟು ದಪ್ಪ ಆದ ಹಾಗಾಯಿತು, ಆಮೇಲೆ ಅದು ನನ್ನದೇ ಅಲ್ಲ. ಮುಟ್ಟಿಕೊಂಡರೆ ಬೇರೆ ಯಾರದೋ ತುಟಿ ಮುಟ್ಟಿದ ಹಾಗೆ. ಜೋಮು ಅಂದರೆ ಇದು! ಹೀಗಿರುತ್ತದೆ ಅಂತ ಗೊತ್ತಿದ್ದರೆ ಮೊದಲ ಸಲ ತಲೆ ಆಡಿಸುತ್ತಲೇ ಇರಲಿಲ್ಲ. ತುಟಿ ಒಂದೇ ಸಾಲದು ಅಂತ ಅವರು ಚೂಪು ಸಲಾಕೆಯಿಂದ ಒಸಡಿನ ಒಳಗಡೆ, ಹೊರಗಡೆ ಚುಚ್ಚಿ ನೋಡಿದರು. ಕೆನ್ನೆಯ ಕಡೆ ಸ್ವಲ್ಪ ಗೊತ್ತಾಗುತ್ತಿತ್ತು, ಅಲ್ಲಿಗೆ ಇನ್ನೊಂದು ಚೂರು ಔಷಧ ಹಾಕಿದರು. "ನೋವಾದರೆ ಎಡಗೈ ಎತ್ತಿ. ನಾನು ನಿಲ್ಲಿಸ್ತೀನಿ." ಒಮ್ಮೆ ಎತ್ತಿ ನೋಡಿದೆ, ಸುಮ್ನೆ ಪರೀಕ್ಷೆಗೆ. ನಿಲ್ಲಿಸಿದರು. ಇಪ್ಪತ್ತೈದು ನಿಮಿಷದಲ್ಲಿ ಮುಗಿಯಿತು. ಕೈಗೊಂದು ಕನ್ನಡದ ಚೀಟಿ ಕೊಟ್ಟು, ಜೋಮು ಬಿಡುವ ತನಕ ಬಿಸಿ ಚಹಾ ಕುಡಿಯಬೇಡಿ, ತುಟಿ ಕಚ್ಚಿಕೊಂಡರೂ ಗೊತ್ತಾಗಲ್ಲ ಅಂತ ಬಾಯಿಮಾತಿನಲ್ಲೂ ಹೇಳಿದರು.

ದೂರು ಕೊಡಲಿಲ್ವಾ ಅಂತ ಕೆಲವರು ಕೇಳಿದರು. ಖಾಸಗಿ ಕ್ಲಿನಿಕ್ಕುಗಳಿಗೆ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ ಬೇಕು. ಜಿಲ್ಲೆಯಲ್ಲಿ ಡಿಸಿ ಮುಂದೆ ದೂರು ಕೊಡುವ ದಾರಿಯೂ ಇದೆ. ಆದರೆ ನನ್ನ ಕೈಯಲ್ಲಿ ಏನಿತ್ತು? ಬಿಲ್ ಇಲ್ಲ, ಎಕ್ಸ್‌ರೇ ಇಲ್ಲ, ಹೆಸರು ದಿನಾಂಕ ಯಾವುದೂ ಇಲ್ಲದ ಮಾತ್ರೆ ಚೀಟಿ ಒಂದು. ಬಿಲ್ ಕೇಳಿ ತಗೊಳ್ಳಿ. ಕೊಡದಿದ್ದರೆ ಬಾಗಿಲಲ್ಲೇ ನಿಂತು ಕೇಳಿ. ವಾಲಿಕೊಂಡ ಹಲ್ಲಾದರೆ ಕೀಳುವವರು ಹಲ್ಲಿನ ಡಾಕ್ಟರಿಕೆಯ ಮೊದಲ ಡಿಗ್ರಿ ಬಿಡಿಎಸ್ ಮಾತ್ರ ಓದಿದವರೋ ಅಥವಾ ದವಡೆ ಸರ್ಜರಿಯಲ್ಲಿ ಎಂಡಿಎಸ್ ಮಾಡಿದವರೋ ಅಂತಲೂ ಕೇಳಿ. ಬಿಡಿಎಸ್ ಡಾಕ್ಟರು ಕೀಳಬಾರದು ಅಂತೇನಿಲ್ಲ, ಚೆನ್ನಾಗಿ ಕೀಳುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಆ ಪ್ರಶ್ನೆಗೆ ಸಿಟ್ಟಾಗುವವರ ಕುರ್ಚಿಯಲ್ಲಿ ಕೂರಬೇಡಿ.

ಒಂದು ವಿಷಯ ಉಳಿಯಿತು. ಎಡಗಡೆ ಹಲ್ಲು ಕೀಳುವಾಗ ಹಿಡಿಯದ ಜೋಮು ಕಿತ್ತ ಮೇಲೆ ಹಿಡಿದು ಕೂತಿತು. ಎಕ್ಸ್‌ರೇ ಇಲ್ಲದೆ ಬೇರು ಕೆದಕಿದಾಗ ನರಕ್ಕೆ ಪೆಟ್ಟಾಗಿತ್ತು. ಮೊದಮೊದಲು ಗದ್ದದ ಎಡಭಾಗ ಪೂರ್ತಿ ಗೊತ್ತಾಗುತ್ತಿರಲಿಲ್ಲ. ಅನ್ನದ ಅಗುಳು ಅಂಟಿಕೊಂಡರೂ ಅವ್ವನೇ ತೋರಿಸಬೇಕಿತ್ತು. ತಿಂಗಳು ಕಳೆದ ಹಾಗೆ ಜುಮುಜುಮು ಅಂತ ಕಡಿಮೆ ಆಗುತ್ತಾ ಬಂತು. ಈಗ ಹುಣಸೆ ಬೀಜದಷ್ಟು ಜಾಗ ಉಳಿದಿದೆ. ಶೇವ್ ಮಾಡುವಾಗ ಅಲ್ಲಿಗೆ ಬಂದರೆ ಕನ್ನಡಿ ಹತ್ತಿರ ಹೋಗಿ, ರಕ್ತ ಬಂತಾ ಅಂತ ಕಣ್ಣಿಂದಲೇ ನೋಡಿಕೊಳ್ಳುತ್ತೇನೆ.