ಟರ್ಬೊ ವೆಂಟಿಲೇಟರ್: ಶೀಟಿನ ಮನೆಗೆ ಸೈ, ತಾರಸಿಗೆ ದಂಡ

ಹೆಬ್ಬಾಳ, ಕೂರ್ಗಳ್ಳಿಯ ಕಾರ್ಖಾನೆ ಶೆಡ್ಡುಗಳ ನೆತ್ತಿಯಲ್ಲಿ ಗಿರಗಿರ ತಿರುಗುವ ಅಲ್ಯೂಮಿನಿಯಂ ಬುರುಡೆ, ಅಂದರೆ ಟರ್ಬೊ ವೆಂಟಿಲೇಟರ್, ಈಗ ಮೈಸೂರಿನ ಮನೆಗಳ ಶೀಟಿನ ಮೇಲೂ ಹತ್ತಿದೆ. ಕರೆಂಟು ಬೇಡ, ಸದ್ದಿಲ್ಲ, ಅಷ್ಟು ನಿಜ. ಆದರೆ ಅದು ಮನೆಯನ್ನು ತಂಪು ಮಾಡುವ ಯಂತ್ರವಲ್ಲ. ಶೀಟಿನಡಿ ಸೇರಿದ ಬಿಸಿಗಾಳಿಯನ್ನು ಹೊರಗೆಳೆಯುತ್ತದೆ, ಅಷ್ಟೇ. ಹೋದ ಗಾಳಿಯ ಜಾಗಕ್ಕೆ ಬೇರೆ ಗಾಳಿ ಬರಲು ದಾರಿ ಬಿಡದಿದ್ದರೆ ಮೇಲೆ ಬುರುಡೆ ತಿರುಗುತ್ತಲೇ ಇರುತ್ತದೆ, ಕೆಳಗೆ ಜನ ಬೇಯುತ್ತಲೇ ಇರುತ್ತಾರೆ.

24 ಇಂಚಿನ ಬುರುಡೆಯ ಕತ್ತು ಹೆಚ್ಚೂಕಮ್ಮಿ 3 ಚದರಡಿ. ಕೆಳಗೂ ಅಷ್ಟು ತೆರಪು ಬೇಕೇಬೇಕು. ಸೊಳ್ಳೆ ಜಾಲರಿ ಇದ್ದರೆ ಎಳೆ, ದೂಳು ಸೇರಿ ಅರ್ಧ ನುಂಗುತ್ತವೆ. 6 ಚದರಡಿ, ಅಂದರೆ 2×3 ಅಡಿಯ ಒಂದು ಕಿಟಕಿ ಇಡಿ. ಅದು ತಗ್ಗಿನಲ್ಲಿ, ಬುರುಡೆಯಿಂದ ದೂರದ ಗೋಡೆಯಲ್ಲಿರಲಿ. ಬುರುಡೆಯ ಪಕ್ಕದಲ್ಲೇ ಗವಾಕ್ಷಿ ಇದ್ದರೆ ಗಾಳಿ ಅಲ್ಲಿಂದ ನುಗ್ಗಿ ನೇರ ಮೇಲಕ್ಕೆ ಹೋಗುತ್ತದೆ, ಮಂಚದ ಮೇಲಿರುವವರಿಗೆ ಏನೂ ದಕ್ಕದು.

ಮಾರ್ಚಿ-ಏಪ್ರಿಲ್‌ ಬಿಸಿಲಿಗೆ ಶೀಟು 60 ಡಿಗ್ರಿ ದಾಟುತ್ತದೆ. ಆ ಕಾವು ಗಾಳಿಯ ಹಂಗಿಲ್ಲದೆ ನೇರ ತಲೆಗೆ ಬಡಿಯುವಂಥದ್ದು. ಅದನ್ನು ಯಾವ ಬುರುಡೆಯೂ ಎಳೆಯಲಾರದು. ಶೀಟಿನಡಿ ಹೊಳೆಯುವ ಅಲ್ಯೂಮಿನಿಯಂ ಫಾಯಿಲ್‌ ಹೊದಿಸಬೇಕು, ನಡುವೆ ಒಂದಿಂಚು ಸಂದು ಬಿಟ್ಟು. ಶೀಟಿಗೆ ಅಂಟಿಸಿಬಿಟ್ಟರೆ ಮೇಲ್ಮೈಯ ಹೊಳಪು ವ್ಯರ್ಥ. ಆ ಸಂದು ಸೂರಂಚಿನಲ್ಲೂ ನೆತ್ತಿಯಲ್ಲೂ ತೆರೆದಿರಬೇಕು.

ದೂರುಗಳಲ್ಲಿ ಹೆಚ್ಚಿನವು ಸೋರಿಕೆಯವು. ತಪ್ಪು ಬುರುಡೆಯದಲ್ಲ, ಅದನ್ನು ಶೀಟಿನ ಮೇಲೆ ಕೂರಿಸುವ ಬೇಸ್‌ ಪ್ಲೇಟಿನದು. ಪ್ಲೇಟಿನ ಮೇಲಂಚು ನೆತ್ತಿಯ ಕ್ಯಾಪಿನ (ಎರಡು ಇಳಿಜಾರು ಸೇರುವಲ್ಲಿ ಮುಚ್ಚುವ ತಗಡಿನ) ಅಡಿಗೆ ಹೋಗಬೇಕು, ಕೆಳಂಚು ಶೀಟಿನ ಮೇಲೆ ಕೂರಬೇಕು. ಕೆಲಸದವರು ಅವಸರಕ್ಕೆ ನಾಲ್ಕೂ ಅಂಚನ್ನು ಮೇಲೆಯೇ ಇಟ್ಟು ಸಿಲಿಕಾನ್‌ ಬಳಿದು ಇಳಿದುಬಿಡುತ್ತಾರೆ. ಬಿಸಿಲಿಗೆ ತಗಡು ಹಿಗ್ಗಿ ಕುಗ್ಗಿ ಸಿಲಿಕಾನ್‌ ಬಿಡುತ್ತದೆ, ಮೊದಲ ಗುಡುಗುಮಳೆಗೇ ಹಾಸಿಗೆ ಒದ್ದೆ. ಸ್ಕ್ರೂ ಕೂಡ ಅಷ್ಟೆ: ಶೀಟಿನ ಉಬ್ಬಿಗೆ ಹಾಕಬೇಕು, ನೀರು ಹರಿಯುವ ತಗ್ಗಿಗಲ್ಲ, ರಬ್ಬರ್‌ ವಾಷರ್‌ ಸಮೇತ. ಪ್ಲೇಟಿನ ಅಲೆ ನಿಮ್ಮ ಶೀಟಿನ ಅಲೆಗೆ ಹೊಂದುತ್ತದೆಯೇ ಎಂದು ಶೀಟಿನ ತುಂಡೊಂದನ್ನು ಅಂಗಡಿಗೇ ಒಯ್ದು ಕೂರಿಸಿ ನೋಡಿ.

ಕಾಂಕ್ರೀಟ್‌ ತಾರಸಿಗೆ ಇದು ಬೇಡ. ಅಲ್ಲಿ ಸ್ಲ್ಯಾಬೇ ಕಾದು ಕಾವನ್ನು ಒಳಗಿಳಿಸುತ್ತದೆ. ಬಿಸಿಲನ್ನು ಹಿಂದಕ್ಕೆಸೆಯುವ ಬಿಳಿ ಕೂಲ್‌ ರೂಫ್‌ ಬಣ್ಣಕ್ಕೆ ದುಡ್ಡು ಹಾಕಿ. ಮಂಡ್ಯ ಸೀಮೆಯ ಹಳೇ ಹಂಚಿನ ಮನೆಗೂ ಬೇಡ, ಹಂಚಿನ ಸಂದುಗಳೇ ಉಸಿರಾಡುತ್ತವೆ. ತೊಟ್ಟಿಮನೆಯಲ್ಲಂತೂ ತೊಟ್ಟಿಯೇ ದೊಡ್ಡ ವೆಂಟಿಲೇಟರ್‌. ಹಂಚಿನಡಿ ಪ್ಲೈವುಡ್‌ ಬಡಿಸಿದವರ ಮಾತು ಬೇರೆ: ಅವರು ಆ ಉಸಿರು ಕಟ್ಟಿದ್ದಾರೆ.

ಎಸಿ ಹಾಕಿದ ಕೋಣೆಗೆ ಮುಚ್ಚಳವಿಲ್ಲದ ಬುರುಡೆ ಕೂರಿಸಿದರೆ ತಣ್ಣನೆ ಗಾಳಿಯೂ ಮೇಲಕ್ಕೇ ಹೋಗುತ್ತದೆ.

ಕೊಳ್ಳುವಾಗ ಬೆರಳಿಂದ ಒಮ್ಮೆ ಚಿಮ್ಮಿ, ಕಿವಿಗೊಡಿ. ಸದ್ದಿಲ್ಲದೆ ಬಹಳ ಹೊತ್ತು ತಿರುಗಿದರೆ ಬೇರಿಂಗ್‌ ಚೆನ್ನಾಗಿದೆ. ಕರಕರ ಎಂದರೆ, ಓಲಾಡಿದರೆ, ಬೇರೆಯದು ತೆಗೆಸಿ. ಬೇರಿಂಗ್‌ ಬಿಡಿಯಾಗಿ ಸಿಗುತ್ತದೆಯೇ ಎಂದೂ ಆಗಲೇ ಕೇಳಿಬಿಡಿ. ಸಿಗದಿದ್ದರೆ ಅದು ಸವೆದ ದಿನ ಇಡೀ ಬುರುಡೆಯೇ ಗುಜರಿಗೆ.