ಅಲ್ಯೂಮಿನಿಯಂ ಡೀಸೆಲ್ ಟ್ಯಾಂಕಿಗೆ ಎಪಾಕ್ಸಿ ತೇಪೆ: ನಾಲ್ಕು ವರ್ಷಗಳ ಬಳಕೆಯ ನಂತರ

ದೋಣಿಯ ಡೀಸೆಲ್ ಟ್ಯಾಂಕಿನ ತಳಕ್ಕೆ ನಾನು ಹಾಕಿದ ಎಪಾಕ್ಸಿ ತೇಪೆಗೆ ನಾಲ್ಕು ವರ್ಷ ತುಂಬಿದೆ. ಆ ತೇಪೆಯಿಂದ ಇದುವರೆಗೆ ಒಂದು ಹನಿಯೂ ಸೋರಿಲ್ಲ. ಆದರೂ ಕಳೆದ ತಿಂಗಳು ಇಡೀ ಟ್ಯಾಂಕನ್ನೇ ತೆಗೆದು ಹೊಸದನ್ನು ಕೂರಿಸಬೇಕಾಯಿತು. ಹೀಗಾಗಿ ಅಂಟಿನ ಗುಣವನ್ನೂ ದುರಸ್ತಿಯ ಬಾಳಿಕೆಯನ್ನೂ ಇಲ್ಲಿ ಬೇರೆ ಬೇರೆಯಾಗಿಯೇ ತೂಗಬೇಕಾಗಿದೆ.

ಸೋರಿಕೆ ಗೊತ್ತಾದದ್ದು ದೋಣಿಯ ತಳದಲ್ಲಿ ನಿಂತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ ಹರಡಿದಾಗ. ಟ್ಯಾಂಕು ಫೋಮ್ ಹಾಸಿನ ಮೇಲೆ ಕೂತಿತ್ತು. ಹೊರಗೆಳೆದು ಬೋರಲು ಹಾಕಿ ನೋಡಿದರೆ, ತಳದಲ್ಲಿ ಒದ್ದೆ ಸುಣ್ಣದಂಥ ಬಿಳಿಯ ಪದಾರ್ಥ ಮೆತ್ತಿಕೊಂಡಿತ್ತು. ಅದನ್ನು ಸ್ಕ್ರೂಡ್ರೈವರಿನಿಂದ ಕೆರೆದಾಗ ಹೊರಬದಿಯಲ್ಲಿ ಹೆಸರುಕಾಳಿನಷ್ಟು ಅಗಲವಿದ್ದು, ಒಳಬದಿಗೆ ಹೋಗುತ್ತ ಸೂಜಿಮೊನೆಯಷ್ಟಾಗಿದ್ದ ತೂತು ಕಂಡಿತು. ಅಲ್ಯೂಮಿನಿಯಂ ಅನ್ನು ಕಾಯುವುದು ಅದರ ಮೈಮೇಲಿನ ಆಕ್ಸೈಡ್ ಪೊರೆ, ಮತ್ತು ಗೀರು ಬಿದ್ದಾಗ ಆ ಪೊರೆ ಮತ್ತೆ ಕಟ್ಟಿಕೊಳ್ಳಲು ಆಮ್ಲಜನಕ ಬೇಕು. ಫೋಮಿನಡಿಯಲ್ಲಿ ಉಪ್ಪುನೀರು ಗಾಳಿಯಾಡದೆ ನಿಂತಲ್ಲಿ ಅದು ಸಿಗುವುದಿಲ್ಲ. ಅಲ್ಲಿ ಉಪ್ಪಿನಲ್ಲಿರುವ ಕ್ಲೋರೈಡ್ ಲೋಹವನ್ನು ಗುಳಿಗುಳಿಯಾಗಿ ಕೊರೆಯುತ್ತದೆ. ಮೇಲ್ಭಾಗ ಹೊಸದರಂತೆ ಹೊಳೆಯುತ್ತಿದ್ದರೆ ಅದನ್ನು ನಂಬಬಾರದು.

ನಾನು ಬಳಸಿದ್ದು ಎರಡು ಟ್ಯೂಬುಗಳಿಂದ ಸಮಪ್ರಮಾಣದಲ್ಲಿ ತೆಗೆದು ಕಲಸುವ, ಗಟ್ಟಿಯಾದ ಮೇಲೂ ಸ್ವಲ್ಪ ಬಾಗುವ ಗುಣವುಳ್ಳ ಎಪಾಕ್ಸಿ. ಡೀಸೆಲ್ ಪೂರ್ತಿ ಖಾಲಿ ಮಾಡಿ, ಟ್ಯಾಂಕನ್ನು ಮಾರ್ಜಕದಿಂದ ತೊಳೆದು ಒಣಗಿಸಿ, ತೂತಿನ ಸುತ್ತಲಿನ ಜಾಗವನ್ನು ಆಸಿಟೋನಿನಿಂದ ಒರೆಸಿ, ಸ್ಟೇನ್‌ಲೆಸ್ ಸ್ಟೀಲ್ ಬ್ರಷ್ಷಿನಿಂದ ಉಜ್ಜಿದೆ. ಸಾಧಾರಣ ಕಬ್ಬಿಣದ ಬ್ರಷ್ ಬಳಸಿದರೆ ಅದರ ಕಣಗಳು ಲೋಹದಲ್ಲಿ ಸಿಕ್ಕಿಕೊಂಡು ಹೊಸ ಸವೆತಕ್ಕೆ ಕಾರಣವಾಗುತ್ತವೆ. ಉಜ್ಜಿದ ಅಲ್ಯೂಮಿನಿಯಂ ಮೇಲೆ ಆಕ್ಸೈಡ್ ಕೂಡಲೇ ಮರಳುವುದರಿಂದ, ಮೊದಲು ಎಪಾಕ್ಸಿಯನ್ನು ತೆಳುವಾಗಿ ಬಳಿದು, ಅದು ಹಸಿಯಾಗಿರುವಾಗಲೇ ಅದರ ಮೇಲಿಂದ ಎಮರಿ ಕಾಗದದಲ್ಲಿ ತಿಕ್ಕಿದೆ; ಹೀಗೆ ಮಾಡಿದಾಗ ಹೊಸದಾಗಿ ತೆರೆದ ಲೋಹಕ್ಕೆ ಗಾಳಿಗಿಂತ ಮೊದಲು ಅಂಟು ತಾಗುತ್ತದೆ. ಪೊಟ್ಟಣದ ಮೇಲಿನ ಸೂಚನೆಯಲ್ಲಿ ಈ ಮಾತೇ ಇರಲಿಲ್ಲ, ಅದು ದೊಡ್ಡ ಲೋಪ. ಅನಂತರ ಮೂಲೆಗಳನ್ನು ದುಂಡಗೆ ಉಜ್ಜಿದ ಅಲ್ಯೂಮಿನಿಯಂ ತಗಡನ್ನು ತೂತಿನ ಅಂಚಿನಿಂದ ಎಲ್ಲ ಕಡೆಗೂ 50 ಮಿಲಿಮೀಟರ್ ಚಾಚುವಂತೆ ಕೂರಿಸಿದೆ. ಒಮ್ಮೆಗೇ ಹೆಚ್ಚು ಕಲಸಿದ್ದರಿಂದ ಮೊದಲ ಬಟ್ಟಲಿನ ಅಂಟು ಬಿಸಿಯೇರಿ ಹೊಗೆಯಾಡಿ ಹಾಳಾಯಿತು; ಸ್ವಲ್ಪ ಸ್ವಲ್ಪವೇ ಕಲಸಬೇಕು.

ಒಂದು ವಾರ ಒಣಗಲು ಬಿಟ್ಟು, ಚದರ ಇಂಚಿಗೆ 3 ಪೌಂಡಿನಷ್ಟು ಗಾಳಿ ತುಂಬಿ, ಸಾಬೂನಿನ ನೀರು ಬಳಿದು ಪರೀಕ್ಷಿಸಿದೆ. ಅದಕ್ಕಿಂತ ಹೆಚ್ಚಿನ ಒತ್ತಡಕ್ಕೆ ಟ್ಯಾಂಕಿನ ಗೋಡೆಯೇ ಉಬ್ಬೀತು. ಎರಡನೆಯ ವರ್ಷ ನೋಡಿದಾಗ ಅಂಚಿಗೆ ಸ್ವಲ್ಪ ಕಂದು ಬಣ್ಣ ಬಂದಿತ್ತು, ಆದರೆ ಉಗುರು ತೂರಿಸಲು ಎಲ್ಲಿಯೂ ಎಡೆಯಿರಲಿಲ್ಲ.

ನನ್ನ ತಪ್ಪು ಬೇರೆಡೆ ಇತ್ತು. ತೂತಿನ ಕೆಳಗಿನ ಫೋಮನ್ನಷ್ಟೇ ಕತ್ತರಿಸಿ ತೆಗೆದು, ಉಳಿದ ಒದ್ದೆ ಹಾಸಿನ ಮೇಲೆಯೇ ಟ್ಯಾಂಕನ್ನು ಮತ್ತೆ ಕೂರಿಸಿದ್ದೆ. ತೇಪೆಯಿಂದ ಒಂದೂವರೆ ಗೇಣು ದೂರದಲ್ಲಿ ಹೊಸ ಸೋರಿಕೆ ಶುರುವಾಯಿತು. ಹೊರತೆಗೆದಾಗ ತಳದಲ್ಲಿ ಇನ್ನೂ ಹನ್ನೊಂದು ಗುಳಿಗಳಿದ್ದವು. ವೆಲ್ಡಿಂಗ್ ಮಾಡುವವರು ಒಪ್ಪಲಿಲ್ಲ, ಅದು ಸರಿಯೂ ಆಗಿತ್ತು: ಗುಳಿಗಳಲ್ಲಿ ಇಂಗಿದ ಡೀಸೆಲ್ ಬೆಸುಗೆಯನ್ನು ಕೆಡಿಸುತ್ತದೆ, ಸವೆದ ತಗಡು ಬೆಂಕಿಗೆ ಕರಗಿ ತೂತು ಹಿಗ್ಗುತ್ತದೆ, ಆವಿ ತುಂಬಿದ ಖಾಲಿ ಟ್ಯಾಂಕು ಸಿಡಿಯಲೂಬಹುದು.

ಪೆಟ್ರೋಲ್ ಟ್ಯಾಂಕಿಗೆ ಈ ತೇಪೆಯನ್ನು ನಾನು ಯಾರಿಗೂ ಹೇಳಲಾರೆ. ಎಥನಾಲ್ ಬೆರೆತ ಪೆಟ್ರೋಲ್ ಹಲವು ಎಪಾಕ್ಸಿಗಳನ್ನು ಮೆತ್ತಗಾಗಿಸುತ್ತದೆ. ಅದರ ಆವಿ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲೇ ಕೂತು ಒಂದು ಕಿಡಿಗೆ ಕಾಯುತ್ತಿರುತ್ತದೆ.

ಹೊಸ ಟ್ಯಾಂಕಿನಡಿಗೆ ಫೋಮ್ ಇಲ್ಲ. ನೀರು ಹೀರದ ನಿಯೋಪ್ರೀನ್ ರಬ್ಬರಿನ ಪಟ್ಟಿಗಳನ್ನು ನಡುವೆ ನೀರು ನುಸುಳದಂತೆ ಟ್ಯಾಂಕಿಗೇ ಅಂಟಿಸಿ, ಪಟ್ಟಿಗಳ ನಡುವೆ ಗಾಳಿಯಾಡಲು ಜಾಗ ಬಿಟ್ಟಿದ್ದೇನೆ. ಎಪಾಕ್ಸಿಗೆ ಐದರಲ್ಲಿ ನಾಲ್ಕು ಅಂಕ. ಕಳೆದ ಒಂದು ಅಂಕ ಆ ಅರೆಬರೆ ಸೂಚನೆಗೆ. ಹಳೆಯ ಟ್ಯಾಂಕನ್ನು ಗುಜರಿಗೆ ಹಾಕುವ ಮುನ್ನ ತೇಪೆಯನ್ನು ಉಳಿಯಿಂದ ಎಬ್ಬಿಸಲು ನೋಡಿದೆ. ಸುತ್ತಲಿನ ತಗಡು ಹರಿಯಿತು, ತೇಪೆ ಏಳಲಿಲ್ಲ.